ಮನಸ್ಸಿನ ಕಹಿಯನ್ನು ತೆಗೆದುಹಾಕುವ ಬಗೆ

ವಿಶ್ವಾಸಿಗಳು ತಮ್ಮಿಂದ ದೂರಮಾಡಬೇಕಾದ ಆರು ಸಂಗತಿಗಳನ್ನು ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯ, 31ನೆಯ ವಚನ ಹೆಸರಿಸುತ್ತದೆ: ಕಹಿಭಾವ, ಕ್ರೋಧ, ಕೋಪ, ಕೂಗಾಟ, ದೂಷಣೆ, ಕೆಡುಕು. ಒಳಗೆ ಕಾಣದಂತೆ ಹುಳಿಯುವ ಕಹಿಯಿಂದ ಆರಂಭವಾಗಿ, ದನಿಯೇರಿ, ಕೊನೆಗೆ ಮತ್ತೊಬ್ಬರ ಮಾನಕ್ಕೆ ಕೈಹಾಕುವ ತನಕ ಪಾಪವು ಬೆಳೆಯುವ ದಾರಿಯನ್ನೇ ಈ ಕ್ರಮ ತೋರಿಸುತ್ತದೆಂದು ನನಗನ್ನಿಸುತ್ತದೆ. ಆದ್ದರಿಂದ ಕೂಗಾಡಲಿಲ್ಲವೆಂಬ ಕಾರಣಕ್ಕೆ ಯಾರೂ ತಮ್ಮನ್ನು ನಿರ್ದೋಷಿಯೆಂದು ಎಣಿಸಿಕೊಳ್ಳದೆ, ಮೊದಲು ಕಹಿಯನ್ನು ಹುಡುಕಬೇಕು.

ಅದನ್ನು ಗುರುತಿಸುವುದು ಕಷ್ಟವಲ್ಲ. ಒಬ್ಬರ ಹೆಸರು ಕೇಳಿದೊಡನೆ ನಿಮ್ಮ ಮುಖ ಬಿಗಿಯುತ್ತದೆಯೇ, ಅವರಿಗೆ ಒಳ್ಳೆಯದಾದಾಗ ನಿಮ್ಮ ಮನಸ್ಸು ಕುಗ್ಗುತ್ತದೆಯೇ, ಹಳೆಯ ಮಾತನ್ನು ಹೊಸದಾಗಿ ಆಡಿಕೊಂಡು ನೋಯುತ್ತೀರಾ? ಹಾಗಿದ್ದರೆ ಪ್ರಾರ್ಥನೆಯಲ್ಲಿ ‘ನನ್ನ ಪಾಪಗಳನ್ನೆಲ್ಲಾ ಕ್ಷಮಿಸು’ ಎಂದು ಒಟ್ಟಾಗಿ ಹೇಳಿ ಮುಗಿಸದೆ, ಆ ವ್ಯಕ್ತಿಯ ಹೆಸರನ್ನೂ ಆ ಘಟನೆಯನ್ನೂ ದೇವರ ಮುಂದೆ ಬಿಡಿಸಿ ಹೇಳಿರಿ. ಕಥೋಲಿಕ ವಿಶ್ವಾಸಿಗಳಿಗೆ ಯಾಜಕರ ಮುಂದೆ ಪಾಪಗಳನ್ನು ಒಪ್ಪಿಕೊಳ್ಳುವ ಪಾಪನಿವೇದನೆಯ ಸಂಸ್ಕಾರವೂ ಇದಕ್ಕಿರುವ ದಾರಿ.

ಸೂರ್ಯ ಮುಳುಗುವುದರೊಳಗೆ ಕೋಪ ತೀರಬೇಕೆಂದು ಅದೇ ಅಧ್ಯಾಯದ 26ನೆಯ ವಚನ ಹೇಳುತ್ತದೆ. ಯೆಹೂದ್ಯರ ಎಣಿಕೆಯಲ್ಲಿ ಸಂಜೆಗೆ ದಿನ ಮುಗಿಯುತ್ತಿತ್ತು. ಬಡ ಕೂಲಿಯಾಳಿನ ಕೂಲಿಯನ್ನೂ ಸೂರ್ಯಾಸ್ತದೊಳಗೆ ಕೊಡಬೇಕೆಂದು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 24:15 ಆಜ್ಞಾಪಿಸುತ್ತದೆ. ಕೋಪವನ್ನೂ ಅಂದೇ ತೀರಿಸಬೇಕಾದ ಬಾಕಿಯೆಂದು ತಿಳಿದು, ರಾತ್ರಿಯ ಕುಟುಂಬ ಪ್ರಾರ್ಥನೆಗೆ ಕುಳಿತುಕೊಳ್ಳುವ ಮೊದಲೇ ಮನೆಯವರಲ್ಲಿ ಕ್ಷಮೆ ಕೇಳುವುದನ್ನು ರೂಢಿಸಿಕೊಳ್ಳಿರಿ. ‘ನೋವಾಗಿದ್ದರೆ ಕ್ಷಮಿಸು’ ಎನ್ನುವುದು ಸಾಲದು. ‘ನಾನು ಹೀಗೆ ಅಂದದ್ದು ತಪ್ಪು’ ಎಂದು ಹೇಳಬೇಕು.

ನಮ್ಮ ಸಭೆಗಳಲ್ಲಿ ಅತಿ ಸುಲಭವಾಗಿ ತಪ್ಪಿಸಿಕೊಳ್ಳುವ ಪಾಪ ದೂಷಣೆ, ಏಕೆಂದರೆ ಅದು ಭಕ್ತಿಯ ವೇಷದಲ್ಲಿ ಬರುತ್ತದೆ. ‘ಪ್ರಾರ್ಥನೆ ಮಾಡಲಿ ಎಂದು ಹೇಳುತ್ತಿದ್ದೇನೆ’ ಎಂಬ ಮುನ್ನುಡಿಯೊಡನೆ ಒಬ್ಬರ ಮನೆಯ ಜಗಳ, ಒಬ್ಬಳ ಮದುವೆಯ ತೊಂದರೆ, ಒಬ್ಬರ ಸಾಲ, ಎಲ್ಲವೂ ಪ್ರಾರ್ಥನಾ ಕೂಟದ ವಾಟ್ಸಾಪ್ ಗುಂಪಿಗೆ ಬಂದುಬಿಡುವುದನ್ನು ಕಂಡು ನಾನು ನೊಂದಿದ್ದೇನೆ. ಸಂಬಂಧಪಟ್ಟವರ ಅನುಮತಿಯಿಲ್ಲದೆ ಪ್ರಾರ್ಥನಾ ವಿಷಯವನ್ನು ಹಂಚಬೇಡಿರಿ. ಸಹೋದರನು ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ತಿಳಿಸಬೇಕೆಂಬ ಮತ್ತಾಯನ ಸುವಾರ್ತೆ 18:15ರ ಕ್ರಮವನ್ನು ಅನುಸರಿಸಿರಿ. ನಿಮ್ಮಿಂದಲೇ ತಪ್ಪಾಗಿದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಒಂದಾಗಬೇಕೆಂದು ಅದೇ ಸುವಾರ್ತೆಯ 5:23–24 ಹೇಳುತ್ತದೆ.

ಪೂರ್ವಸ್ವಭಾವವನ್ನು ಬಟ್ಟೆಯಂತೆ ಕಳಚಿ ನೂತನ ಸ್ವಭಾವವನ್ನು ಧರಿಸಿಕೊಳ್ಳುವ ಮಾತು ಎಫೆಸದವರಿಗೆ ಬರೆದ ಪತ್ರಿಕೆಯ ಈ 4ನೆಯ ಅಧ್ಯಾಯದಲ್ಲಿದೆ. ಕಳ್ಳನು ಕದಿಯುವುದನ್ನು ಬಿಟ್ಟರೆ ಸಾಲದು, ದುಡಿದು ಇಲ್ಲದವನಿಗೆ ಕೊಡಬೇಕೆಂದು 28ನೆಯ ವಚನ ಹೇಳುವಂತೆ, ದೂಷಿಸಿದ ನಾಲಿಗೆಯೂ ಸುಮ್ಮನಾದರೆ ಸಾಲದು. ಯಾರೆದುರು ಒಬ್ಬರ ಹೆಸರು ಕೆಡಿಸಿದಿರೋ ಅವರೆದುರೇ ಅದನ್ನು ಸರಿಪಡಿಸಿರಿ. ಇದು ಸ್ವಂತ ಬಲದಿಂದ ಆಗುವ ಕೆಲಸವಲ್ಲ. ಕ್ರಿಸ್ತನಲ್ಲಿ ದೇವರು ನಮ್ಮನ್ನು ಕ್ಷಮಿಸಿದ್ದಾನೆಂಬ 32ನೆಯ ವಚನದ ಮಾತೇ ಅದಕ್ಕೆ ಆಧಾರ.

ಒಂದು ಎಚ್ಚರಿಕೆ ಅಗತ್ಯ. ಹೊಡೆತ, ಲೈಂಗಿಕ ದೌರ್ಜನ್ಯ, ವಂಚನೆಗಳನ್ನು ಅನುಭವಿಸಿದವರಿಗೆ ‘ಕ್ಷಮಿಸಿ ಸುಮ್ಮನಿರು’ ಎನ್ನುವುದು ಈ ಬೋಧನೆಯಲ್ಲ. ಅದೇ ಪತ್ರಿಕೆಯ 5:11 ಕತ್ತಲೆಯ ಕೃತ್ಯಗಳನ್ನು ಬಯಲಿಗೆ ತರಬೇಕೆನ್ನುತ್ತದೆ. ಅಂಥವರು ತಮ್ಮನ್ನು ನೋಯಿಸಿದವನನ್ನು ಒಂಟಿಯಾಗಿ ಎದುರಿಸಬೇಕಾಗಿಲ್ಲ. ನಂಬಿಕಸ್ಥರೊಬ್ಬರನ್ನು ಜೊತೆಗೆ ಕರೆದುಕೊಂಡು ಪೊಲೀಸರಿಗೆ ದೂರು ಕೊಡುವುದು ದೂಷಣೆಯಲ್ಲ.