ತರಕಾರಿ ಸಸಿಗೆ ದೀಪ: ಬಣ್ಣ ನೋಡಿ ದುಡ್ಡು ಕೊಡಬೇಡಿ

ಬಿಸಿಲು ಬಾರದ ಫ್ಲ್ಯಾಟಿನಲ್ಲಿ ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿ ಮಾಡಿಕೊಳ್ಳುವವರಿಗೆ ನೇರಳೆ ಬಣ್ಣದ ದುಬಾರಿ ಗ್ರೋ ಲೈಟ್ (ಗಿಡ ಬೆಳೆಸಲೆಂದೇ ಮಾರುವ ದೀಪ) ಬೇಕೇ ಬೇಕೆಂದಿಲ್ಲ. ಗಿಡಕ್ಕೆ ಬೇಕಾದ ನೀಲಿ, ಕೆಂಪು ಎರಡೂ ಬಿಳಿ ಬೆಳಕಿನಲ್ಲಿವೆ. ಮೇಲಾಗಿ ಎಲೆ ಹಳದಿಯಾದರೂ ಹೇನು ಹತ್ತಿದರೂ ಅದರಡಿ ಬೇಗ ಕಣ್ಣಿಗೆ ಬೀಳುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕು ಅಡಿಯ, 20 ವಾಟ್‌ನ ಎರಡು ಎಲ್‌ಇಡಿ ಟ್ಯೂಬ್‌ಲೈಟ್‌ಗಳನ್ನು ಅಕ್ಕಪಕ್ಕ ಕಟ್ಟಿದರೆ ಒಂದು ಸಾಲು ಟ್ರೇಗಳಿಗೆ ಸಾಕು. ಡಬ್ಬದ ಮೇಲೆ 6500 ಕೆಲ್ವಿನ್ (6500K, ಅಂದರೆ ಹಗಲಿನಂಥ ಬಿಳಿ ಬೆಳಕು) ಎಂದಿರಲಿ. ‘1000 ವಾಟ್‌ಗೆ ಸಮ’ ಎಂಬ ಜಾಹೀರಾತಿನ ಮಾತಿಗೆ ಮರುಳಾಗದೆ, ನಿಜಕ್ಕೂ ಎಷ್ಟು ವಾಟ್ ವಿದ್ಯುತ್ ಎಳೆಯುತ್ತದೆ ಎಂದು ಕೇಳಿ.

ದೀಪಕ್ಕಿಂತ ಮುಖ್ಯವಾದದ್ದು ಅದರ ಎತ್ತರ. ಇಲ್ಲಿಯೇ ಹೆಚ್ಚಿನವರ ಸಸಿ ಕೆಡುವುದು. ಟ್ಯೂಬ್‌ಲೈಟ್ ಸಸಿಯ ತುದಿಯಿಂದ ಅರ್ಧ ಗೇಣಿನಷ್ಟು, ಅಂದರೆ 10–15 ಸೆಂ.ಮೀ. ಮೇಲಿರಬೇಕು. ಕಾಂಡ ದಾರದಂತೆ ಉದ್ದವಾಗಿ, ಬಿಳಿಚಿಕೊಂಡು ವಾಲಿದರೆ ಬೆಳಕು ಸಾಲುತ್ತಿಲ್ಲವೆಂದೇ ಅರ್ಥ. ದೀಪವನ್ನು ಹಗ್ಗದಲ್ಲಿ ತೂಗುಹಾಕಿದರೆ ಸಸಿ ಬೆಳೆದಂತೆ ಎತ್ತರಿಸಬಹುದು.

ಮೊಳಕೆ ಮಣ್ಣಿನಿಂದ ತಲೆ ಎತ್ತಿದ ದಿನವೇ ದೀಪ ಹಾಕಿ. ದಿನಕ್ಕೆ 14–16 ಗಂಟೆ ಬೆಳಕು, ಉಳಿದ ಹೊತ್ತು ಕತ್ತಲೆ. ಟೈಮರ್ ಇದ್ದರೆ ನಿಶ್ಚಿಂತೆ. ನೀರು ಚಿಮುಕಿಸುವಾಗ ಮಾತ್ರ ದಯವಿಟ್ಟು ಸ್ವಿಚ್ ಆರಿಸಿ.