ಹತ್ತಕ್ಕೆ ಹತ್ತು ಸೋತ ವೆಸ್ಟ್ ನಿಜಕ್ಕೂ ಎಷ್ಟು ಕಳಪೆ? ನಾನು ಲೆಕ್ಕ ಹಾಕಿದ ಬಗೆ

2023ರ ಡಿಸೆಂಬರ್ ತಿಂಗಳ ಮೊದಲ ಶನಿವಾರ. ಇಂಡಿಯಾನಾಪೊಲಿಸ್‌ನಲ್ಲಿ ಬಿಗ್ ಟೆನ್ ಕೂಟದ ಅಮೆರಿಕನ್ ಫುಟ್‌ಬಾಲ್ ಫೈನಲ್; ಈಸ್ಟ್ ಡಿವಿಷನ್‌ನ ಮಿಶಿಗನ್ ತಂಡ ವೆಸ್ಟ್‌ನ ಅಯೋವಾವನ್ನು 26-0ಯಿಂದ ಸೋಲಿಸುತ್ತಿತ್ತು. ಪಂದ್ಯ ಮುಗಿಯುವ ಮೊದಲೇ ಗೆಳೆಯನ ವಾಟ್ಸಾಪ್ ಬಂತು. "ಹತ್ತಕ್ಕೆ ಹತ್ತು! ನಿಮ್ಮ ವೆಸ್ಟ್‌ನವರಿಗೆ ನಾಚಿಕೆ ಆಗಲ್ವೇನೋ?"

ನಾವಿಬ್ಬರೂ ಮೈಸೂರಿನವರು. ಒಂದೇ ಬೀದಿಯಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಎಂ.ಎಸ್. ಮಾಡಲು ಅವನು ಓಹಾಯೋ ಸ್ಟೇಟ್‌ಗೆ ಹೋದ, ನಾನು ಪರ್ಡ್ಯೂಗೆ ಬಂದೆ. ಅಲ್ಲಿಗೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಮ್ಮ ಜಗಳ ಶಾಶ್ವತವಾಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಬಿಗ್ ಟೆನ್ ಅನ್ನೋದು ಅಲ್ಲಿನ ವಿಶ್ವವಿದ್ಯಾಲಯ ತಂಡಗಳ ಒಂದು ಕೂಟ. ಹೆಸರಲ್ಲಿ ಹತ್ತು, ಆಗ ಇದ್ದದ್ದು ಹದಿನಾಲ್ಕು ತಂಡ. 2014ರಿಂದ 2023ರವರೆಗೆ ಅದನ್ನು ಏಳೇಳು ತಂಡಗಳ ಎರಡು ಡಿವಿಷನ್ ಮಾಡಿದ್ದರು. ಈಸ್ಟ್‌ನಲ್ಲಿ ಓಹಾಯೋ ಸ್ಟೇಟ್, ಮಿಶಿಗನ್, ಪೆನ್ ಸ್ಟೇಟ್, ಮಿಶಿಗನ್ ಸ್ಟೇಟ್, ಮೇರಿಲ್ಯಾಂಡ್, ರಟ್ಗರ್ಸ್, ಇಂಡಿಯಾನಾ. ವೆಸ್ಟ್‌ನಲ್ಲಿ ಅಯೋವಾ, ವಿಸ್ಕಾನ್ಸಿನ್, ಮಿನೆಸೋಟಾ, ನೆಬ್ರಾಸ್ಕಾ, ಇಲಿನಾಯ್, ನಾರ್ತ್‌ವೆಸ್ಟರ್ನ್ ಮತ್ತು ನಮ್ಮ ಪರ್ಡ್ಯೂ. ಎರಡೂ ಕಡೆ ಮೊದಲು ಬಂದವರು ಡಿಸೆಂಬರ್‌ನಲ್ಲಿ ಫೈನಲ್ ಆಡಬೇಕು. ಹತ್ತು ವರ್ಷ, ಹತ್ತು ಫೈನಲ್, ಹತ್ತೂ ಈಸ್ಟ್‌ಗೆ. ಮೊದಲನೆಯದರಲ್ಲೇ ಓಹಾಯೋ ಸ್ಟೇಟ್ ವಿಸ್ಕಾನ್ಸಿನ್‌ಗೆ 59-0 ಬಾರಿಸಿತ್ತು.

ಹಾಗಾಗಿ ಗೆಳೆಯನ ಮಾತಿಗೆ ಉತ್ತರ ಇರಲಿಲ್ಲ. ಆದರೆ ಫೈನಲ್ ಆಡುವುದು ಏಳರಲ್ಲಿ ಒಂದೇ ತಂಡ. ಉಳಿದ ಆರರ ಕಥೆ ಏನು? ಎಕ್ಸೆಲ್ ಶೀಟ್ ತೆರೆದು ಕೂತೆ.

ಮೊದಲ ದಿನವೇ ಎಡವಿದೆ. ಪ್ರತಿ ಡಿವಿಷನ್‌ನ ಏಳು ತಂಡಗಳ ಗೆಲುವು ಸೋಲು ಕೂಡಿಸಿ ಶೇಕಡಾವಾರು ತೆಗೆದೆ. ಎರಡೂ ಕಡೆ ಹೆಚ್ಚು ಕಮ್ಮಿ ಅರ್ಧಕ್ಕರ್ಧ ಬಂತು. ನೋಡಿದೆಯಾ, ಸಮಾನ ಅಂತ ಖುಷಿಪಟ್ಟೆ. ರಾತ್ರಿ ಪಾತ್ರೆ ತೊಳೆಯುವಾಗ ತಪ್ಪು ಹೊಳೆಯಿತು. ಒಂದೇ ಡಿವಿಷನ್‌ನ ಏಳು ತಂಡಗಳು ತಮ್ಮತಮ್ಮಲ್ಲೇ 21 ಪಂದ್ಯ ಆಡುತ್ತವೆ. ಯಾರೇ ಗೆಲ್ಲಲಿ, 21 ಗೆಲುವು, 21 ಸೋಲು. ಒಂದೇ ಮನೆಯ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಸಾಲ ಕೊಟ್ಟರೆ ಮನೆಯ ದುಡ್ಡು ಹೆಚ್ಚುತ್ತದಾ? ಹೊರಗಿನಿಂದ ಎಷ್ಟು ಬಂತು ಅನ್ನೋದನ್ನು ಮಾತ್ರ ಎಣಿಸಬೇಕು.

ಇಲ್ಲಿ ಹೊರಗಿನದು ಅಂದರೆ ಈಸ್ಟ್-ವೆಸ್ಟ್ ಪಂದ್ಯಗಳು. 2016ರಿಂದ ಪ್ರತಿ ತಂಡಕ್ಕೂ ಕೂಟದೊಳಗೆ ಒಂಬತ್ತು ಪಂದ್ಯ. ಆರು ಸ್ವಂತ ಡಿವಿಷನ್‌ನಲ್ಲಿ, ಮೂರು ಆ ಕಡೆಯವರ ಮೇಲೆ. ಅಂದರೆ ವರ್ಷಕ್ಕೆ 21 ಅಡ್ಡ ಪಂದ್ಯ. ಅದನ್ನು ಒಂದೊಂದಾಗಿ ಹುಡುಕಬೇಕಾಗಿಯೂ ಇಲ್ಲ. ಡಿವಿಷನ್‌ನ ಒಟ್ಟು ಗೆಲುವಿನಿಂದ 21 ಕಳೆಯಿರಿ, ಒಟ್ಟು ಸೋಲಿನಿಂದಲೂ 21 ಕಳೆಯಿರಿ. ಉಳಿದದ್ದೇ ಉತ್ತರ. 2022ರಲ್ಲಿ ಈಸ್ಟ್‌ನ ಮೊತ್ತ 34 ಗೆಲುವು, 29 ಸೋಲು. ಕಳೆದರೆ 13 ಗೆಲುವು, 8 ಸೋಲು, ಅಂದರೆ 13-8. 2023ರಲ್ಲೂ ಮತ್ತೆ 13-8! ನಂಬದೆ ಎರಡು ಸಲ ಕೂಡಿಸಿದೆ. 2021ರಲ್ಲಿ ಬರೀ 11-10. ಕೋವಿಡ್‌ನಿಂದ ಪಂದ್ಯಗಳು ರದ್ದಾದ 2020ನ್ನು ಮಾತ್ರ ನಾನು ಮುಟ್ಟಲೇ ಇಲ್ಲ.

ಆ 2021ನ್ನು ಸ್ವಲ್ಪ ನೋಡಿ. ಇಡೀ ಡಿವಿಷನ್ ಲೆಕ್ಕದಲ್ಲಿ ಈಸ್ಟ್ ಮುಂದಿದ್ದದ್ದು ಒಂದೇ ಪಂದ್ಯದಿಂದ. ಫೈನಲ್‌ನಲ್ಲಿ ಮಿಶಿಗನ್ ಅಯೋವಾವನ್ನು 42-3ಯಿಂದ ಹೊಸಕಿ ಹಾಕಿತ್ತು. ಎರಡೂ ಒಂದೇ ವರ್ಷದ ಮಾತು!

ಇದು ಹೇಗೆ ಅಂತ ನೋಡಲು ಈಸ್ಟನ್ನು ಎರಡು ತುಂಡು ಮಾಡಿದೆ. ಮೇಲಿನ ಮೂರು ತಂಡ ಬೇರೆ, ಕೆಳಗಿನ ನಾಲ್ಕು ಬೇರೆ. 2022ರಲ್ಲಿ ಮಿಶಿಗನ್, ಓಹಾಯೋ ಸ್ಟೇಟ್, ಪೆನ್ ಸ್ಟೇಟ್ ಸೇರಿ ವೆಸ್ಟ್ ಮೇಲೆ 9-0. ಉಳಿದ ನಾಲ್ಕು ತಂಡಗಳದ್ದು 4-8. 2023ರಲ್ಲಿ ಅದೇ ಮೂವರದ್ದು 9-0, ಉಳಿದವರದ್ದು ಪುನಃ 4-8. 2021ರಲ್ಲಿ ಮೇಲಿನವರದ್ದು (ಆ ವರ್ಷ ಪೆನ್ ಸ್ಟೇಟ್ ಬದಲು ಮಿಶಿಗನ್ ಸ್ಟೇಟ್ ಮೇಲಿತ್ತು) 8-1, ಕೆಳಗಿನವರದ್ದು 3-9. ಮೂರು ವರ್ಷ ಕೂಡಿಸಿದರೆ ಮೇಲಿನ ಮೂವರು 26-1. ಕೆಳಗಿನ ನಾಲ್ವರು 11-25.

(ಆ 26ರ ಪಕ್ಕದ ಒಂದು ಸೋಲು ಯಾರ ಕೈಲಿ ಅಂತ ಕೇಳಿ. ಪರ್ಡ್ಯೂ! ಮಿಶಿಗನ್ ಸ್ಟೇಟ್‌ಗೆ 40-29. ಆ ಸಾಲಿಗೆ ಹಳದಿ ಬಣ್ಣ ಹಚ್ಚಿದ್ದೇನೆ.)

ಅಂದರೆ ಈಸ್ಟ್ ಬಲಿಷ್ಠ ಅನ್ನೋದು ಅರ್ಧ ಮಾತು. ಈಸ್ಟ್‌ನಲ್ಲಿ ಮೂರು ತಂಡ ಬಲಿಷ್ಠ. ಅವರನ್ನು ಬಿಟ್ಟರೆ ವೆಸ್ಟ್ ಆರಾಮಾಗಿ ಗೆಲ್ಲುತ್ತಿತ್ತು. ಫೈನಲ್‌ಗೆ ಬರುವುದು ಯಾವಾಗಲೂ ಆ ಮೂವರಲ್ಲಿ ಒಬ್ಬರು. ಅದಕ್ಕೇ ಹತ್ತಕ್ಕೆ ಹತ್ತು.

ಶೀಟ್ ಕಳಿಸಿದೆ. ಗೆಳೆಯ ಫೋನ್ ಮಾಡಿ ನಕ್ಕ. "ಲೋ, ನಮ್ಮ ತಲೆ ಕತ್ತರಿಸಿ ಆಮೇಲೆ ಎತ್ತರ ಅಳೀತೀಯಲ್ಲೋ. ನಿಮ್ಮ ತಲೆನೂ ಕತ್ತರಿಸು."

ಮಾತು ನ್ಯಾಯವೇ. ಆದರೆ ವೆಸ್ಟ್‌ಗೆ ತಲೆ ಎಲ್ಲಿದೆ ಅಂತ ಹುಡುಕುವುದೇ ಕಷ್ಟ. 2022ರಲ್ಲಿ ಪರ್ಡ್ಯೂ 6-3, ಅದರ ಹಿಂದೆ ಮೂರು ತಂಡ 5-4. 2021ರಲ್ಲಿ ಅಯೋವಾ ಹಿಂದೆ ಮೂರು ತಂಡ 6-3. ಎಲ್ಲಿ ಗೆರೆ ಎಳೆಯೋದು? 2023ರಲ್ಲಿ ಮಾತ್ರ ಸ್ಪಷ್ಟವಾಗಿತ್ತು. ಅಯೋವಾ, ನಾರ್ತ್‌ವೆಸ್ಟರ್ನ್, ವಿಸ್ಕಾನ್ಸಿನ್ ಮೇಲೆ, ಉಳಿದ ನಾಲ್ಕೂ ತಂಡ 3-6. ಆ ನಾಲ್ವರನ್ನು ಈಸ್ಟ್‌ನ ಕೆಳಗಿನ ನಾಲ್ವರ ಎದುರು ಇಟ್ಟೆ. ಅವರ ನಡುವೆ ನಡೆದದ್ದು ಆರೇ ಪಂದ್ಯ. ವೆಸ್ಟ್ 4, ಈಸ್ಟ್ 2. ಆರು ಪಂದ್ಯದಿಂದ ದೊಡ್ಡ ತೀರ್ಮಾನ ಮಾಡೋಕಾಗಲ್ಲ, ಗೊತ್ತು. ಆದರೂ ಫೋನ್‌ನ ಆ ಕಡೆ ಸ್ವಲ್ಪ ಹೊತ್ತು ಮೌನ.

ಲೆಕ್ಕ ನನ್ನ ವಿರುದ್ಧ ತಿರುಗಿದ್ದೂ ಉಂಟು. ತವರಿನ ಅನುಕೂಲ ಸರಿದೂಗಿಸಲು ಯಾವ ಪಂದ್ಯ ಎಲ್ಲಿ ನಡೆಯಿತು ಅಂತ ಒಂದು ಕಾಲಂ ಹಾಕಿದೆ. 21 ಪಂದ್ಯ ಅಂದರೆ ಆ ಕಡೆ ಹತ್ತು, ಈ ಕಡೆ ಹನ್ನೊಂದು ಇರುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಒಂದು ವರ್ಷ ಈಸ್ಟ್‌ನ ಎಲ್ಲ ತಂಡಗಳಿಗೂ ಕೂಟದ ಐದು ಪಂದ್ಯ ತವರಲ್ಲಿ, ಮರುವರ್ಷ ನಾಲ್ಕು. ಹಾಗಾಗಿ 2022ರಲ್ಲಿ ಏಳು ತಂಡಕ್ಕೆ ತವರಿನ ಪಂದ್ಯ 35, ಒಳಗಿನ 21 ಕಳೆದರೆ 14 ಅಡ್ಡ ಪಂದ್ಯ ಈಸ್ಟ್‌ನ ಅಂಗಳದಲ್ಲಿ. 2023ರಲ್ಲಿ ಬರೀ 7. ಎರಡೂ ವರ್ಷ ಫಲಿತಾಂಶ 13-8. ಅಂದರೆ 2023ರ ಈಸ್ಟ್ 2022ರದ್ದಕ್ಕಿಂತ ಗಟ್ಟಿ ಅಂತ ಒಪ್ಪಬೇಕು. 2021ರ 11-10 ಕೂಡ ಈಸ್ಟ್ 14 ಸಲ ಹೊರಗೆ ಹೋಗಿ ಆಡಿ ತಂದದ್ದು. ಈ ಕಾಲಂ ಅಳಿಸಿಬಿಡೋಣ ಅನ್ನಿಸಿತ್ತು, ಸುಳ್ಳು ಹೇಳಲ್ಲ.

ಯಾರಿಗೆ ಯಾರು ಸಿಕ್ಕರು ಅನ್ನೋದೂ ಮುಖ್ಯ. 2021ರಲ್ಲಿ ನೆಬ್ರಾಸ್ಕಾದ ಹಣೆಬರಹಕ್ಕೆ ಈಸ್ಟ್‌ನ ಮೇಲಿನ ಮೂವರೂ ಸಿಕ್ಕರು. ಮಿಶಿಗನ್ ಎದುರು 29-32, ಮಿಶಿಗನ್ ಸ್ಟೇಟ್ ಎದುರು 20-23, ಓಹಾಯೋ ಸ್ಟೇಟ್ ಎದುರು 17-26. ಮೂರೂ ಹತ್ತಿರದ ಸೋಲು. ಅಯೋವಾಕ್ಕೆ ಸಿಕ್ಕಿದ್ದು ಇಂಡಿಯಾನಾ, ಮೇರಿಲ್ಯಾಂಡ್, ಪೆನ್ ಸ್ಟೇಟ್. ಮೂರನ್ನೂ ಗೆದ್ದು ವೆಸ್ಟ್‌ನ ಮೊದಲ ಸ್ಥಾನಕ್ಕೆ ಬಂತು. ದೊಡ್ಡ ಮೂವರ ಮುಖ ನೋಡಿದ್ದು ಫೈನಲ್‌ನಲ್ಲೇ, 42-3. ನೆಬ್ರಾಸ್ಕಾವನ್ನು ಅಯೋವಾ 28-21ರಿಂದ ಸೋಲಿಸಿತ್ತು ಅನ್ನೋದೂ ನಿಜ. ಆದರೂ ಕೂಟದಲ್ಲಿ 1-8 ಆಗಿದ್ದ ನೆಬ್ರಾಸ್ಕಾವನ್ನು ಕಸ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ.

ಗೆಲುವಿನ ಅಂತರವನ್ನೂ ಸೇರಿಸಿ ನೋಡಿದೆ. ಇಲಿನಾಯ್ ಪೆನ್ ಸ್ಟೇಟನ್ನು ಒಂಬತ್ತು ಓವರ್‌ಟೈಮ್ (ಸಮವಾದಾಗ ಆಡಿಸುವ ಹೆಚ್ಚುವರಿ ಸುತ್ತು) ಆಡಿ 20-18ರಿಂದ ಗೆದ್ದದ್ದೂ ಒಂದು ಗೆಲುವು, ವಿಸ್ಕಾನ್ಸಿನ್ ರಟ್ಗರ್ಸ್‌ಗೆ 52-3 ಬಾರಿಸಿದ್ದೂ ಒಂದು ಗೆಲುವು. ಎರಡಕ್ಕೂ ಒಂದೇ ಬೆಲೆ ಕೊಡೋದು ಸರಿಯಲ್ಲ. ಅಂತರವನ್ನು ಹಾಗೇ ಬಿಟ್ಟರೆ ಓಹಾಯೋ ಸ್ಟೇಟ್‌ನ ಒಂದು 54-10 ಇಡೀ ಸರಾಸರಿಯನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೆ 21 ಪಾಯಿಂಟ್‌ಗೆ ಮಿತಿ ಹಾಕಿದೆ. ಯಾಕೆ 21 ಅಂದರೆ, ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವ ಟಚ್‌ಡೌನ್‌ಗೆ ಸಾಮಾನ್ಯವಾಗಿ ಕಿಕ್ ಸೇರಿ ಏಳು ಪಾಯಿಂಟ್, ಅಂಥ ಮೂರರ ಅಂತರ ಆದ ಮೇಲೆ ಪಂದ್ಯ ಮುಗಿದ ಹಾಗೇ. ಅಷ್ಟೇ ಶಾಸ್ತ್ರ.

2024ರಲ್ಲಿ ಪಶ್ಚಿಮ ಕರಾವಳಿಯ ನಾಲ್ಕು ತಂಡಗಳು ಸೇರಿ ಕೂಟ ಹದಿನೆಂಟಾಯಿತು. ಡಿವಿಷನ್‌ಗಳನ್ನೇ ತೆಗೆದು ಹಾಕಿದರು. ಆ ಸೀಸನ್‌ನಲ್ಲಿ ಪರ್ಡ್ಯೂ ಕೂಟದ ಒಂಬತ್ತೂ ಪಂದ್ಯ ಸೋತಿತು. ಕೊನೆಯದು ಇಂಡಿಯಾನಾ ಎದುರು, 0-66. ಈಸ್ಟ್‌ನ ಬಾಲ ಅಂತ ನನ್ನ ಶೀಟ್‌ನಲ್ಲಿ ಬೂದು ಬಣ್ಣ ಹಚ್ಚಿದ್ದ ಅದೇ ಇಂಡಿಯಾನಾ. ಆ ರಾತ್ರಿ ಗೆಳೆಯನ ಮೆಸೇಜ್ ಬಂತು: "ಈಗ ಯಾವ ಕಾಲಂ ಹಾಕ್ತೀಯಪ್ಪಾ?"