ಮನೆ ಖರ್ಚಿಗೆ ಕೈ ಹಾಕದೆ ಏರ್ ಪಿಸ್ತೂಲ್ ಅಭ್ಯಾಸ ನಡೆಸುವುದು ಹೇಗೆ?

ನಾನು ಅಭ್ಯಾಸಕ್ಕೆ ಹೋಗುವ ಶೂಟಿಂಗ್ ರೇಂಜ್‌ಗೆ ಪ್ರತಿ ವರ್ಷ ಹೊಸಬರು ಬರುತ್ತಾರೆ. ಅವರಲ್ಲಿ ಸಂಸಾರಸ್ಥರಾದವರು ಹೆಚ್ಚಾಗಿ ಐದಾರು ತಿಂಗಳಲ್ಲೇ ಕಾಣೆಯಾಗುತ್ತಾರೆ. ಸಾಲ ಮಾಡಿ, ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಈ ಪಿಸ್ತೂಲ್ ಕೊಂಡಿರುತ್ತಾರೆ. ಕಂತು ಕಟ್ಟಿ, ಮಕ್ಕಳ ಶಾಲೆಯ ಫೀಸು ಕಟ್ಟಿ, ದಿನಸಿ ತರುವ ಹೊತ್ತಿಗೆ ಪೆಲೆಟ್ (ಇದಕ್ಕೆ ಹಾಕುವ ಸೀಸದ ಸಣ್ಣ ಗುಂಡು) ಡಬ್ಬಿ ಕೊಳ್ಳಲು ದುಡ್ಡು ಉಳಿದಿರುವುದಿಲ್ಲ. ದುಬಾರಿ ಪಿಸ್ತೂಲ್ ಬೀರುವಿನಲ್ಲಿ ಮಲಗಿರುತ್ತದೆ, ಮನೆಯಲ್ಲಿ ಅದರ ಮಾತು ಬಂದಾಗಲೆಲ್ಲ ಮನಸ್ತಾಪವಾಗುತ್ತದೆ. ಕ್ರಮ ತಿಳಿದು ನಡೆದರೆ ಇದನ್ನು ಪೂರ್ತಿ ತಪ್ಪಿಸಬಹುದು ಎಂಬ ಕಾರಣಕ್ಕೆ ಈ ಲೇಖನ.

ಮೊದಲ ಹೆಜ್ಜೆ: ರೈಫಲ್ ಬೇಡ, ಪಿಸ್ತೂಲ್ ಆರಿಸಿಕೊಳ್ಳಿ. 10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ರೈಫಲ್‌ಗೆ ದಪ್ಪ ಕ್ಯಾನ್ವಾಸಿನ ಜಾಕೆಟ್, ಪ್ಯಾಂಟು, ವಿಶೇಷ ಬೂಟು, ಕೈಗವಸು ಎಲ್ಲ ಬೇಕಾಗುತ್ತವೆ. ಪಿಸ್ತೂಲಿಗೆ ಚಪ್ಪಟೆ ಅಟ್ಟೆಯ ಸಾಧಾರಣ ಬೂಟು ಸಾಕು. ದುಡಿದು ಮನೆ ನಡೆಸುವವರಿಗೆ ಈ ವಿಷಯದಲ್ಲಿ ಎರಡನೆಯ ಆಲೋಚನೆ ಅಗತ್ಯವಿಲ್ಲ.

ಎರಡನೆಯ ಹೆಜ್ಜೆ: ಪಿಸ್ತೂಲ್ ಕೊಳ್ಳುವ ಮೊದಲು ಒಂದು ವರ್ಷದ ಪೆಲೆಟ್ ಖರ್ಚನ್ನು ಬರೆದಿಡಿ. ಸ್ಪರ್ಧೆಯಲ್ಲಿ ಹೊಡೆಯುವುದು 60 ಗುಂಡು. ವಾರಕ್ಕೆ ಎರಡು ದಿನ ಅಷ್ಟೇ ಹೊಡೆದರೆ ನಾಲ್ಕು ವಾರಕ್ಕೆ 480 ಆಗುತ್ತದೆ; ಸ್ಪರ್ಧೆಯ ಪೆಲೆಟ್‌ಗಳು ಸಾಮಾನ್ಯವಾಗಿ 500ರ ಡಬ್ಬಿಯಲ್ಲಿ ಬರುವುದರಿಂದ ತಿಂಗಳಿಗೆ ಒಂದು ಡಬ್ಬಿ ಎಂದು ಲೆಕ್ಕ ಹಿಡಿಯಿರಿ. ಅದಕ್ಕೆ ರೇಂಜ್ ಶುಲ್ಕ ಮತ್ತು ಬಸ್ ಖರ್ಚು ಸೇರಿಸಿ, ಬಂದ ಮೊತ್ತವನ್ನು ಮನೆಯವರ ಮುಂದಿಟ್ಟು ಒಪ್ಪಿಗೆ ಪಡೆಯಿರಿ. ಬ್ಯಾಂಕಿನಲ್ಲಿ ಬೇರೆಯೇ ಒಂದು ಆರ್.ಡಿ. ತೆರೆದು ಪಿಸ್ತೂಲಿನ ಹಣವನ್ನು ಅದರಲ್ಲಿ ಕೂಡಿಸಿ. ಚೀಟಿ ಎತ್ತಿ, ಒಡವೆ ಅಡವಿಟ್ಟು, ಸಾಸಿವೆ ಡಬ್ಬಿಗೆ ಕೈ ಹಾಕಿ ಕೊಳ್ಳುವುದು ಬೇಡವೇ ಬೇಡ. ಆ ಹಣ ಕೂಡುವ ತನಕ ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಿರಿ.

ಕಾಯ್ದೆಯ ಮಾತು ಚಿಕ್ಕದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 4.5 ಮಿ.ಮೀ. ಮತ್ತು ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ, ಗುರುತಿನ ಮತ್ತು ವಿಳಾಸದ ದಾಖಲೆ ಕೊಟ್ಟು ಕೊಳ್ಳಬಹುದು. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಈ ಮಿತಿಗಿಂತ ಬಹಳ ಕೆಳಗಿರುತ್ತದೆ. ಅದನ್ನು ಹಕ್ಕಿಗಳ ಕಡೆ ತಿರುಗಿಸುವುದು ಮಾತ್ರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಮೂರನೆಯ ಹೆಜ್ಜೆ: ಹಳೆಯ ಪಿಸ್ತೂಲನ್ನು ಪರೀಕ್ಷಿಸಿ ಕೊಳ್ಳುವುದು. ಎಲ್ಲರೂ ಎಡವುವುದು ಇಲ್ಲಿಯೇ. ಆಮದಾಗುವ ಹೊಸ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿ ದಾಟುವುದರಿಂದ ನಮ್ಮಂಥವರು ಕೊಳ್ಳುವುದು ಯಾರೋ ಬಳಸಿ ಬಿಟ್ಟಿದ್ದನ್ನೇ. ಹೊರಗಿನ ಹೊಳಪು ನೋಡಿ ದುಡ್ಡು ಎಣಿಸಬೇಡಿ, ಮೊದಲು ಗಾಳಿಯ ಸಿಲಿಂಡರನ್ನು ಬಿಚ್ಚಿ ಕೈಗೆತ್ತಿಕೊಂಡು ಅದರ ಮೇಲೆ ಕೊರೆದಿರುವ ತಯಾರಿಕೆಯ ದಿನಾಂಕವನ್ನು ಓದಿ. ಹೆಸರಾಂತ ತಯಾರಕರು ಇಂಥ ಸಿಲಿಂಡರಿನ ಬಳಕೆಯ ಅವಧಿಯನ್ನು 10 ವರ್ಷವೆಂದು ಹೇಳುತ್ತಾರೆ. ಸುಮಾರು 200 ಬಾರ್ ಒತ್ತಡ ತುಂಬುವ ಪಾತ್ರೆಯಾದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಾನು ಮೊದಲ ಪಿಸ್ತೂಲ್ ಕೊಂಡಾಗ ಆ ದಿನಾಂಕ ನೋಡಲಿಲ್ಲ, ಮಾರಿದವರು ಹೇಳಲೂ ಇಲ್ಲ. ಆರು ತಿಂಗಳಲ್ಲಿ ಹೊಸ ಸಿಲಿಂಡರ್ ತರಿಸಬೇಕಾಯಿತು, ಮಗಳ ಸೈಕಲ್ಲಿಗೆ ಎತ್ತಿಟ್ಟಿದ್ದ ಹಣ ಅದಕ್ಕೇ ಹೋಯಿತು. ಅವಧಿ ಮುಗಿಯುತ್ತ ಬಂದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಹೇಳಿದ ಬೆಲೆಯಿಂದ ಕಳೆದು ಮಾತಾಡಿ.

ಆಮೇಲೆ ಸೋರಿಕೆಯ ಪರೀಕ್ಷೆ. ಸಿಲಿಂಡರಿಗೆ ಗಾಳಿ ತುಂಬಿದ ತಕ್ಷಣ ಅದು ಬಿಸಿಯಾಗಿರುತ್ತದೆ, ಆರುತ್ತ ಹೋದಂತೆ ಮಾಪಕದ ಮುಳ್ಳು ತಾನಾಗಿಯೇ ಇಳಿಯುತ್ತದೆ. ಇದು ತಿಳಿಯದೆ ಒಳ್ಳೆಯ ಪಿಸ್ತೂಲನ್ನು ಸೋರುತ್ತದೆಂದು ಬಿಟ್ಟು ಬಂದವರಿದ್ದಾರೆ. ಸೋರುವುದನ್ನು ‘ಆರುತ್ತಿದೆ ಅಷ್ಟೇ’ ಎಂಬ ಮಾತು ನಂಬಿ ಕೊಂಡವರೂ ಇದ್ದಾರೆ. ತುಂಬಿ ಒಂದು ಗಂಟೆ ಬಿಟ್ಟು ಮುಳ್ಳು ಎಲ್ಲಿದೆಯೆಂದು ಫೋನಿನಲ್ಲಿ ಚಿತ್ರ ತೆಗೆದುಕೊಂಡು, ರಾತ್ರಿಯಿಡೀ ಹಾಗೆಯೇ ಇಟ್ಟು, ಬೆಳಿಗ್ಗೆ ಹೋಲಿಸಿ ನೋಡಿ. ಒಂದು ರಾತ್ರಿ ಕಾಯಲು ಒಪ್ಪದವರ ಬಳಿ ಕೊಳ್ಳಬೇಡಿ.

ಟ್ರಿಗರಿನ ಭಾರ ನಿಯಮದಂತೆ 500 ಗ್ರಾಮಿಗಿಂತ ಕಡಿಮೆ ಇರಬಾರದು. ನಳಿಗೆ ಖಾಲಿಯಿರುವುದನ್ನು ಎರಡು ಸಲ ನೋಡಿ, ಪಿಸ್ತೂಲನ್ನು ಸಜ್ಜುಗೊಳಿಸಿ, ಬಾಯಿ ಮೇಲಕ್ಕಿರುವಂತೆ ನೆಟ್ಟಗೆ ಹಿಡಿದು, ಅರ್ಧ ಲೀಟರ್ ನೀರಿರುವ ಬಾಟಲಿಯನ್ನು ದಾರದಿಂದ ಟ್ರಿಗರಿಗೆ ತೂಗುಬಿಟ್ಟು ನಿಧಾನವಾಗಿ ಎತ್ತಿ. ಬಾಟಲಿ ನೆಲ ಬಿಟ್ಟರೂ ಟ್ರಿಗರ್ ತಾನಾಗಿ ಸಿಡಿಯಬಾರದು. ಬಾಟಲಿಯ ತೂಕವೂ ಸೇರುವುದರಿಂದ ಇದು ಅಂದಾಜಿನ ಪರೀಕ್ಷೆ. ರೇಂಜ್‌ನಲ್ಲಿ ನಿಯಮದ ತೂಕದ ಬಟ್ಟು ಇದ್ದರೆ ಅದನ್ನೇ ಬಳಸಿ. ಕೊನೆಗೆ ಮಣಿಕಟ್ಟನ್ನು ಮರಳಿನ ಚೀಲದ ಮೇಲೂರಿ 10 ಮೀಟರಿನಿಂದ ಒಂದೇ ಗುರಿಯ ಕಾರ್ಡಿಗೆ ಐದು ಗುಂಡು ಹೊಡೆಯಿರಿ, ಅಥವಾ ಅನುಭವಿಗಳಿಂದ ಹೊಡೆಸಿ. ಐದೂ ತೂತುಗಳು ಒಂದರೊಳಗೊಂದು ಸೇರಿ ಅಂಚು ಹರಿದ ಒಂದೇ ತೂತಾಗಬೇಕು. ಚದುರಿದರೆ ಬೇರೆ ಡಬ್ಬಿಯ ಪೆಲೆಟ್‌ನಿಂದ ಇನ್ನೊಮ್ಮೆ ನೋಡಿ, ಆಗಲೂ ಚದುರಿದರೆ ಎದ್ದು ಬನ್ನಿ. ಮರದ ಹಿಡಿ ತುಸು ದೊಡ್ಡದಾದರೆ ಅರ ಹಾಕಬಹುದು, ಸಣ್ಣದಾದರೆ ಮರದ ಪುಟ್ಟಿ ತುಂಬಬಹುದು. ಅದಕ್ಕಾಗಿ ಒಳ್ಳೆಯ ಪಿಸ್ತೂಲ್ ಬಿಡಬೇಡಿ. ಆದರೆ ಎಡಗೈಯ ಹಿಡಿ ಬಲಗೈಗೆ ಒಗ್ಗದು.

ಗಾಳಿಯನ್ನು ರೇಂಜ್‌ನಲ್ಲಿ ತುಂಬಿಸಿ, ಇಲ್ಲವೇ ನಾಲ್ವರು ಸೇರಿ ಒಂದು ಕೈಪಂಪು ಕೊಳ್ಳಿ. ಹತ್ತಿರದ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಎಂದಿಗೂ ಕೂಡದು. ಒತ್ತಡದ ಆಕ್ಸಿಜನ್‌ಗೆ ಎಣ್ಣೆ, ಗ್ರೀಸಿನ ಅಂಶ ತಗುಲಿದರೆ ಸಿಡಿಯುತ್ತದೆ.

ನಾಲ್ಕನೆಯ ಹೆಜ್ಜೆ ಖಾಲಿ ಟ್ರಿಗರ್ ಅಭ್ಯಾಸ. ಕೊಠಡಿಯಲ್ಲಿ ಪೆಲೆಟ್ ಡಬ್ಬಿಯೇ ಇರದಂತೆ ನೋಡಿಕೊಂಡು, ಬಿಳಿ ಗೋಡೆಯೆದುರು ನಿಂತು, ಮುಂದಿನ ಸೈಟ್ (ನಳಿಗೆಯ ತುದಿಯಲ್ಲಿರುವ ಗುರಿಮೊಳೆ) ಅಲುಗದಂತೆ ಟ್ರಿಗರ್ ಒತ್ತುವುದನ್ನು ದಿನಕ್ಕೆ ಇಪ್ಪತ್ತು ನಿಮಿಷ ಮಾಡಿ. ಸ್ಪರ್ಧೆಯ ಪಿಸ್ತೂಲ್‌ಗಳಲ್ಲಿ ಇದಕ್ಕೆಂದೇ ಬೇರೆ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗಿನ ಏರ್‌ಗನ್‌ನಲ್ಲಿ ಮಾತ್ರ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಬೇಡಿ, ಒಳಗಿನ ಪಿಸ್ಟನ್ ಬಡಿದು ಕೆಡುತ್ತದೆ.

ಪೆಲೆಟ್ ಚಪ್ಪಟೆ ತಲೆಯದೇ ಆಗಬೇಕು. ಅದು ಕಾರ್ಡನ್ನು ದುಂಡಗೆ ಕತ್ತರಿಸುತ್ತದೆ. ಚೂಪು ತಲೆಯದು ಹರಿಯುತ್ತದೆ, ಅಂಕ ಎಣಿಸಲಾಗುವುದಿಲ್ಲ. ಅಗ್ಗದ ಡಬ್ಬಿಗಳಲ್ಲಿ ಹತ್ತರಲ್ಲೊಂದು ಪೆಲೆಟ್‌ನ ಬುಡ ಸೊಟ್ಟಗಿರುವುದನ್ನು ನಾನೇ ಕೈಯಾರೆ ಆರಿಸಿ ಎಸೆದಿದ್ದೇನೆ. ಅಲ್ಲಿ ಉಳಿದದ್ದು ಉಳಿತಾಯವೇ ಅಲ್ಲ.

ಪೆಲೆಟ್ ಸೀಸದ್ದು, ಮನೆಯಲ್ಲಿ ಮಕ್ಕಳಿದ್ದಾರೆ. ರೇಂಜ್‌ನಿಂದ ಬಂದವರು ಸೋಪು ಹಾಕಿ ಕೈ ತೊಳೆದು, ಅಂಗಿ ಬದಲಿಸಿದ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಬೇಕು. ಬಳಸಿದ ಸೀಸವನ್ನು ಒಲೆಯ ಮೇಲೆ ಕರಗಿಸುವ ಸಾಹಸ ಬೇಡ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಸಿ ಗುಜರಿಗೆ ಕೊಡಿ. ಪಿಸ್ತೂಲ್ ಬೀಗ ಹಾಕಿದ ಬೀರುವಿನಲ್ಲಿರಲಿ, ಪೆಲೆಟ್ ಬೇರೆ ಬೀಗದಲ್ಲಿರಲಿ.

ಹೊಸ ಡಬ್ಬಿ ಒಡೆದ ದಿನ ಅದರ ಮುಚ್ಚಳದ ಮೇಲೆ ತಾರೀಖು ಬರೆಯಿರಿ. ತಿಂಗಳು ತುಂಬುವ ಮೊದಲೇ ಡಬ್ಬಿ ಬರಿದಾದರೆ ಉಳಿದ ದಿನಗಳ ಅಭ್ಯಾಸ ಬಿಳಿ ಗೋಡೆಯೆದುರೇ ನಡೆಯಲಿ. ಮುಂದಿನ ಡಬ್ಬಿಯನ್ನು ಒಂದನೆಯ ತಾರೀಖಿನವರೆಗೆ ಕೊಳ್ಳಬೇಡಿ.